ಲ್ಯಾಬಿಗೆ ಬೀಗ ಬಿದ್ದರೂ ಕಂಪ್ಯೂಟರ್ ಪಾಠ ನಿಲ್ಲಬೇಕಾಗಿಲ್ಲ

ಪ್ರಶ್ನೆ: ಹಾವೇರಿ ಜಿಲ್ಲೆಯ ಸಣ್ಣ ಊರೊಂದರಲ್ಲಿ ನಾವು ಕೆಲವು ಗೆಳೆಯರು ಸೇರಿ ಉಚಿತ ಕಂಪ್ಯೂಟರ್ ಕೇಂದ್ರ ನಡೆಸುತ್ತೇವೆ. ಒಂಬತ್ತು ಹಳೆಯ ಕಂಪ್ಯೂಟರ್‌ಗಳಿವೆ, ನಲವತ್ತು ಮಕ್ಕಳು ಬರುತ್ತಾರೆ. ಎಲ್ಲರೂ 7ರಿಂದ 10ನೇ ತರಗತಿಯವರು, ಹೆಚ್ಚಿನವರು ಕೂಲಿ ಮಾಡುವವರ ಮನೆಯವರು. ಕೋವಿಡ್ ಕಾಲದಲ್ಲಿ ಕೇಂದ್ರ ಮುಚ್ಚಿ ಜೂಮ್‌ನಲ್ಲಿ ಪಾಠ ಮಾಡಿ ನೋಡಿದೆವು. ಎರಡನೇ ವಾರಕ್ಕೆ ಆರು ಮಕ್ಕಳು ಉಳಿದಿದ್ದರು. ಮತ್ತೆ ತೆರೆದಾಗ ಅರ್ಧ ಮಕ್ಕಳು ಬರಲೇ ಇಲ್ಲ. ಇನ್ನೊಮ್ಮೆ ಅಂಥ ಕಾಲ ಬಂದರೆ ಏನು ಮಾಡಬೇಕು? ದಾನಿಯೊಬ್ಬರು ಎಲ್ಲ ಮಕ್ಕಳಿಗೂ ಟ್ಯಾಬ್ಲೆಟ್ ಕೊಡಿಸುತ್ತೇನೆ ಅನ್ನುತ್ತಿದ್ದಾರೆ. ಒಪ್ಪಿಕೊಳ್ಳೋಣವೇ?

ಉತ್ತರ: ಟ್ಯಾಬ್ಲೆಟ್ ವಿಚಾರ ಕೊನೆಗೆ ಹೇಳುತ್ತೇನೆ. ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಕೇಂದ್ರ ಮುಚ್ಚಿದ್ದಾಗ ನಿಮ್ಮ ಒಂಬತ್ತು ಕಂಪ್ಯೂಟರ್ ಎಲ್ಲಿದ್ದವು? ಬೀಗ ಹಾಕಿದ ಕೋಣೆಯಲ್ಲೇ, ಅಲ್ವಾ?

ನಿಮ್ಮೊಬ್ಬರ ಕಥೆಯಲ್ಲ ಇದು. 2020ರ ಮಾರ್ಚ್‌ನಲ್ಲಿ ರಾಜ್ಯದ ಶಾಲೆಗಳು ಮುಚ್ಚಿದವು. ದೊಡ್ಡ ತರಗತಿಗಳು ನಡುನಡುವೆ ತೆರೆದು ಮತ್ತೆ ಮುಚ್ಚಿದವು. 1ರಿಂದ 5ನೇ ತರಗತಿ ಶುರುವಾಗಿದ್ದು 2021ರ ಅಕ್ಟೋಬರ್ 25ಕ್ಕೆ. ಈ ಕಾಲದಲ್ಲಿ ಮಕ್ಕಳ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಶಾಲೆಯಲ್ಲಿದ್ದ ಕಂಪ್ಯೂಟರ್‌ಗೆ ಕೈ ಹಾಕುವವರಿಲ್ಲ. ಲ್ಯಾಬುಗಳನ್ನು ಮತ್ತೆ ತೆರೆದಾಗ ಏನಾಗಿತ್ತು ಎಂದು ಆ ಕೆಲಸ ಮಾಡಿದ ಯಾವ ರಿಪೇರಿಯವರನ್ನಾದರೂ ಕೇಳಿ. ಯುಪಿಎಸ್ ಬ್ಯಾಟರಿ ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಬಿದ್ದರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಹರಳು ಕಟ್ಟುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ನಿಲ್ಲುವುದಿಲ್ಲ. ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಹೋಗಿ ತಾರೀಕು ಹಿಂದಕ್ಕೆ ಓಡಿರುತ್ತದೆ. ತಾರೀಕು ತಪ್ಪಿದರೆ ವೆಬ್‌ಸೈಟ್‌ಗಳು ಸುರಕ್ಷಿತವಲ್ಲ ಎಂದು ತೆರೆಯುವುದೇ ಇಲ್ಲ. ಮೇಷ್ಟ್ರು ಇಂಟರ್‌ನೆಟ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಇನ್ನು ಮಳೆಗಾಲದ ತೇವ, ಇಲಿ. ಬಳಸಿ ಹಾಳಾದದ್ದಕ್ಕಿಂತ ಬಳಸದೆ ಹಾಳಾದದ್ದೇ ಜಾಸ್ತಿ.

ಹಾಗಾಗಿ ನಾನು ಹೇಳುವುದು ಇಷ್ಟು. ಪಾಠವನ್ನು ಆನ್‌ಲೈನ್‌ಗೆ ಒಯ್ಯಬೇಡಿ, ಕಂಪ್ಯೂಟರನ್ನು ಮಕ್ಕಳಿದ್ದಲ್ಲಿಗೆ ಒಯ್ಯಿರಿ. ಕಂಪ್ಯೂಟರ್ ಸಾಲದಿದ್ದರೆ ಉಳಿದ ಪಾಠ ಕಾಗದದ ಮೇಲೆ ನಡೆಯಲಿ.

ಜೂಮ್ ಯಾಕೆ ಸೋತಿತು ಎಂಬುದಕ್ಕೆ ಮಕ್ಕಳ ಆಸಕ್ತಿಯನ್ನು ದೂರಬೇಕಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆಗಳು ಶೇ. 4.4 ಮಾತ್ರ. ಸ್ಮಾರ್ಟ್‌ಫೋನ್ ಲೆಕ್ಕ ಬೇರೆ. ಗ್ರಾಮೀಣ ಮಕ್ಕಳ 'ಅಸರ್' ಸಮೀಕ್ಷೆಯಲ್ಲಿ 2018ರಲ್ಲಿ ಶೇ. 36.5 ಮಕ್ಕಳ ಮನೆಯಲ್ಲಿ ಅದಿತ್ತು, 2021ಕ್ಕೆ ಅದು ಶೇ. 67.6 ಆಯಿತು. ಓದಿದರೆ ಖುಷಿಯಾಗುತ್ತದೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ. ಫೋನ್ ಇದ್ದ ಮನೆಗಳಲ್ಲೂ ಶೇ. 26.1 ಮಕ್ಕಳಿಗೆ ಅದು ಕೈಗೆ ಸಿಗುತ್ತಿರಲಿಲ್ಲ. ಫೋನ್ ಅಪ್ಪನದು ಅಥವಾ ಅಣ್ಣನದು. ಬೆಳಿಗ್ಗೆ ಅವರ ಜೊತೆ ಕೆಲಸಕ್ಕೆ ಹೋಗುತ್ತದೆ, ರಾತ್ರಿ ಮನೆಗೆ ಬರುತ್ತದೆ. ಹೆಣ್ಣುಮಕ್ಕಳ ಕೈಗೆ ಸಿಗುವುದು ಇನ್ನೂ ಕಷ್ಟ. ಇನ್ನು ಡೇಟಾ. ಒಂದು ಗಂಟೆಯ ವೀಡಿಯೊ ಕ್ಲಾಸಿಗೆ ಅರ್ಧದಿಂದ ಒಂದು ಜಿಬಿ ಬೇಕು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿದ ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಶಾಲೆಯ ಪಾಠಕ್ಕೇ ಅದು ಮುಗಿಯುತ್ತದೆ. ನಿಮ್ಮ ಕಂಪ್ಯೂಟರ್ ಕ್ಲಾಸ್ ಸರದಿಯಲ್ಲಿ ಕೊನೆಯದು. ಇಷ್ಟೆಲ್ಲ ಆದಮೇಲೂ ಮಗು ನೋಡುವುದು ಏನನ್ನು? ಯಾರೋ ಮೌಸ್ ಆಡಿಸುವುದನ್ನು, ಆರಿಂಚಿನ ಪರದೆಯ ಮೇಲೆ. ನನ್ನ ಮಟ್ಟಿಗೆ ಅದು ಕಂಪ್ಯೂಟರ್ ಪಾಠವೇ ಅಲ್ಲ.

ಈಗ ನಿಮ್ಮ ಒಂಬತ್ತು ಕಂಪ್ಯೂಟರಿಗೆ ಬರೋಣ. ನಲವತ್ತು ಮಕ್ಕಳು ಊರಿನ ನಾಲ್ಕೈದು ಕೇರಿಗಳಿಂದ ಬರುತ್ತಿರಬಹುದು. ಒಂದೊಂದು ಕಂಪ್ಯೂಟರಿಗೆ ಹತ್ತಿರ ಹತ್ತಿರ ಮನೆಯ ನಾಲ್ಕೈದು ಮಕ್ಕಳ ಗುಂಪು ಮಾಡಿ. ಆ ಕಂಪ್ಯೂಟರ್ ಆ ಕೇರಿಯ ಒಂದು ಮನೆಯಲ್ಲಿರಲಿ. ಮಗುವಿಗೆ ದಿನಕ್ಕೆ ಒಂದು ಗಂಟೆ ಸಿಕ್ಕರೂ ವಾರಕ್ಕೆ ಆರು ಗಂಟೆ ಆಯಿತು. ಕೇಂದ್ರ ತೆರೆದಿದ್ದಾಗ ಒಂದು ಮಗುವಿಗೆ ವಾರದಲ್ಲಿ ಎಷ್ಟು ಹೊತ್ತು ಕೀಬೋರ್ಡ್ ಸಿಗುತ್ತಿತ್ತು? ಲೆಕ್ಕ ಹಾಕಿ ನೋಡಿ. ಬಹುಶಃ ಇದರ ಅರ್ಧವೂ ಇಲ್ಲ.

ಯಾರ ಮನೆ ಅನ್ನುವುದನ್ನು ಸುಮ್ನೆ ನಿರ್ಧರಿಸಬೇಡಿ. ಊರಲ್ಲಿ ದೊಡ್ಡ ಮನೆ, ಒಳ್ಳೆ ಕರೆಂಟು, ಕಾಂಪೌಂಡು ಇದೆ ಎಂದು ಗೌಡರ ಮನೆಯಲ್ಲೋ ಸಾಹುಕಾರರ ಮನೆಯಲ್ಲೋ ಇಟ್ಟರೆ ಕೆಲವು ಮಕ್ಕಳು ಆ ಹೊಸ್ತಿಲು ದಾಟುವುದಿಲ್ಲ, ದಾಟಲು ಬಿಡುವುದೂ ಇಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಗು 'ಹೊಟ್ಟೆನೋವು ಸರ್' ಎಂದು ಬರುವುದನ್ನು ನಿಲ್ಲಿಸುತ್ತದೆ ಅಷ್ಟೇ. ಕಂಪ್ಯೂಟರ್ ಆಯಾ ಕೇರಿಯೊಳಗೇ ಇರಲಿ. ಹಗಲು ಅಜ್ಜಿಯೋ ಅಮ್ಮನೋ ಇರುವ ಮನೆಯಾದರೆ ಹೆಣ್ಣುಮಕ್ಕಳನ್ನೂ ಕಳಿಸುತ್ತಾರೆ. ಅಂಗನವಾಡಿ ಕಾರ್ಯಕರ್ತೆಯ ಮನೆ ಸಿಕ್ಕರೆ ತುಂಬಾ ಒಳ್ಳೆಯದು.

ಕರೆಂಟು ಬಿಲ್ಲು ಸಣ್ಣ ವಿಷಯ ಅನ್ನಿಸಬಹುದು. ಆ ಮನೆಯವರಿಗೆ ಸಣ್ಣದಲ್ಲ. ಹಳೆಯ ಡೆಸ್ಕ್‌ಟಾಪು ಮಾನಿಟರ್ ಸೇರಿ 100 ವ್ಯಾಟ್ ಎಳೆಯುತ್ತದೆ ಅಂದುಕೊಳ್ಳಿ. ದಿನಕ್ಕೆ ಐದು ಗಂಟೆ ಓಡಿದರೆ ತಿಂಗಳಿಗೆ 15 ಯೂನಿಟ್. ಗೃಹಜ್ಯೋತಿಯಲ್ಲಿ ಉಚಿತ ಸಿಗುವುದು ಆ ಮನೆಯ ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ. ಎರಡು ಬಲ್ಬು, ಒಂದು ಫ್ಯಾನಿನ ಮನೆಗೆ 15 ಯೂನಿಟ್ ಆ ಗೆರೆ ದಾಟಿಸಿಬಿಡಬಹುದು. ಬಿಲ್ಲು ಬಂದ ದಿನ ನಿಮ್ಮ ಕಂಪ್ಯೂಟರ್ ಹೊರಗೆ ಬರುತ್ತದೆ. ಆದ್ದರಿಂದ ತಿಂಗಳಿಗೆ ಇಷ್ಟು ಎಂದು ಕರೆಂಟಿನ ಹಣ ಮೊದಲೇ ಕೊಡಿ. ಹಳೆಯ ಲ್ಯಾಪ್‌ಟಾಪಾದರೆ ಸುಮಾರು 30 ವ್ಯಾಟ್, ತಿಂಗಳಿಗೆ ನಾಲ್ಕೈದು ಯೂನಿಟ್. ಬ್ಯಾಟರಿ ಅರ್ಧ ಗಂಟೆ ನಿಂತರೂ ಸಾಕು, ಕರೆಂಟು ಹೋದಾಗ ಫೈಲ್ ಉಳಿಸಿಕೊಳ್ಳಬಹುದು. ಮುಂದೆ ಕೊಳ್ಳುವುದಿದ್ದರೆ ಲ್ಯಾಪ್‌ಟಾಪೇ ಕೊಳ್ಳಿ.

ಠೇವಣಿ ಕೇಳಬೇಡಿ. ಒಂದು ಹಾಳೆಯಲ್ಲಿ ಕಂಪ್ಯೂಟರ್ ನಂಬರು, ಗುಂಪಿನ ಮಕ್ಕಳ ಹೆಸರು, ಮನೆಯವರ ಸಹಿ ಸಾಕು. ಒಂದೆರಡು ಕೆಡುತ್ತವೆ, ಕೆಡಲಿ. ಸರ್ಕಾರಿ ಶಾಲೆಯ ಮೇಷ್ಟ್ರು ಇದನ್ನು ಓದುತ್ತಿದ್ದರೆ 'ಸ್ಟಾಕ್ ರಿಜಿಸ್ಟರ್‌ನಲ್ಲಿರುವ ವಸ್ತು, ಹೊರಗೆ ಕೊಟ್ಟರೆ ನನ್ನ ತಲೆಗೆ ಬರುತ್ತದೆ' ಅನ್ನುತ್ತಾರೆ. ಆ ಭಯ ನಿಜವಾದದ್ದೇ. ಅದಕ್ಕೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವು ಮಾಡಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಪತ್ರ ಬರೆದು ಒಪ್ಪಿಗೆ ಪಡೆಯಬೇಕು. ಈ ಕೆಲಸ ಈಗಲೇ ಆಗಬೇಕು. ಲಾಕ್‌ಡೌನ್ ಶುರುವಾದಮೇಲೆ ಸಹಿ ಹಾಕುವವರು ಸಿಗುವುದಿಲ್ಲ. ಪಕ್ಕದ ಕೇರಳದಲ್ಲಿ 2020ರಲ್ಲೇ ಹೀಗೆ ಮಾಡಿದರು. ಹೈಟೆಕ್ ಶಾಲೆ ಯೋಜನೆಯಲ್ಲಿ ಕೊಟ್ಟಿದ್ದ ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಟಿವಿಗಳನ್ನು ಸೌಲಭ್ಯವಿಲ್ಲದ ಮಕ್ಕಳಿರುವ ಕಡೆ ಒಯ್ದು ಬಳಸಲು ಶಾಲೆಗಳಿಗೆ ಅವಕಾಶ ಕೊಟ್ಟರು. ಅಲ್ಲಿನ 'ಫಸ್ಟ್ ಬೆಲ್' ಟಿವಿ ಪಾಠಗಳು ಜೂನ್ 1ಕ್ಕೆ ಶುರುವಾದವು. ಕಾಸರಗೋಡಿನ ಮಕ್ಕಳಿಗಾಗಿ ಕನ್ನಡದಲ್ಲೂ ಪಾಠ ಮಾಡಿದರು. ನಮ್ಮಲ್ಲೂ ಆ ವರ್ಷ ವಿದ್ಯಾಗಮ ಬಂತು. ಮೇಷ್ಟ್ರುಗಳು ಗುಡಿಯ ಜಗಲಿ, ಸಮುದಾಯ ಭವನ, ಮರದ ನೆರಳಲ್ಲಿ ವಠಾರ ಶಾಲೆ ನಡೆಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು, ಆ ಮಾತು ಬೇರೆ. ಆದರೆ ಸಣ್ಣ ಗುಂಪು, ಒಂದು ಜಗಲಿ, ಒಬ್ಬ ಮೇಷ್ಟ್ರು ಎಂಬ ದಾರಿ ಸರಿಯಾಗಿತ್ತು. ಅದಕ್ಕೆ ಒಂದು ಲ್ಯಾಪ್‌ಟಾಪ್ ಸೇರಿಸಿದರೆ ನಮಗೆ ಬೇಕಾದ್ದು ಆಯಿತು.

ಸೋಂಕಿನ ಮಾತು ಬಂತಲ್ಲ, ಒಂದೇ ವಿಷಯ. ಆಗ ಜನ ಕೀಬೋರ್ಡಿಗೆ ಸ್ಯಾನಿಟೈಸರ್ ಸುರಿದು ಎಷ್ಟೋ ಕೀಬೋರ್ಡ್ ಕೆಡಿಸಿದರು. ಕೋವಿಡ್ ಹರಡಿದ್ದು ಮುಖ್ಯವಾಗಿ ಗಾಳಿಯಿಂದ. ಕೋಣೆಗಿಂತ ಜಗಲಿ ಮೇಲು. ಕೂರುವ ಮೊದಲು, ಎದ್ದ ಮೇಲೆ ಸೋಪಿನಲ್ಲಿ ಕೈ ತೊಳೆಯಲಿ.

ಇನ್ನು ಕಾಗದದ ಪಾಠ. ಇದರ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಇದನ್ನು ಕೇಳಿದ ಕೂಡಲೇ ಜನ ನಗುತ್ತಾರೆ. ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ಪಾಠವೇ? ಹೌದು. 1963ರಲ್ಲಿ ಐಐಟಿ ಕಾನ್ಪುರಕ್ಕೆ ಐಬಿಎಂ 1620 ಎಂಬ ಕಂಪ್ಯೂಟರ್ ಬಂತು. ಮುಂದೆ ಬೆಂಗಳೂರಿನ ಐಐಎಸ್‌ಸಿಗೆ ಬಂದ ಪ್ರೊ. ವಿ. ರಾಜಾರಾಮನ್ ಅವರಂಥವರು ಅಲ್ಲಿ ಪ್ರೋಗ್ರಾಮಿಂಗ್ ಕಲಿಸಿದರು. ಆ ಕಾಲದ ವಿದ್ಯಾರ್ಥಿಗಳು ಕಂಪ್ಯೂಟರ್ ಮುಂದೆ ಕೂತು ಕಲಿತವರಲ್ಲ. ಪ್ರೋಗ್ರಾಮ್ ಕಾಗದದಲ್ಲಿ ಬರೆದು, ಕಾರ್ಡಿನಲ್ಲಿ ತೂತು ಹೊಡೆಸಿ, ಕಟ್ಟು ಕಟ್ಟಿ ಕೊಡಬೇಕಿತ್ತು. ಫಲಿತಾಂಶಕ್ಕೆ ಕಾಯಬೇಕಿತ್ತು. ತಪ್ಪಿದ್ದರೆ ಮತ್ತೆ ಮೊದಲಿಂದ. ಹಾಗಾಗಿ ಕೊಡುವ ಮೊದಲೇ ಕಾಗದದ ಮೇಲೆ ಓಡಿಸಿ ನೋಡುತ್ತಿದ್ದರು. ಅದಕ್ಕೆ ಇವತ್ತೂ ಡ್ರೈ ರನ್ ಅನ್ನುತ್ತೇವೆ. ನಮ್ಮ ಪಿಯುಸಿ ಲ್ಯಾಬ್ ರೆಕಾರ್ಡು ಅದರ ಪಳೆಯುಳಿಕೆ. ಈಗ ಅದು ಒಬ್ಬರದನ್ನು ಇನ್ನೊಬ್ಬರು ನಕಲು ಮಾಡುವ ಕೆಲಸವಾಗಿದೆ, ಅದು ಬೇಡ. ಆದರೆ ಹತ್ತು ಸಾಲಿನ ಪ್ರೋಗ್ರಾಮ್ ಕೊಟ್ಟು, ಪ್ರತಿ ಸಾಲಾದಮೇಲೆ ಯಾವ ಡಬ್ಬಿಯಲ್ಲಿ (ಅಂದರೆ ವೇರಿಯಬಲ್‌ನಲ್ಲಿ) ಎಷ್ಟಿದೆ ಎಂದು ಪಟ್ಟಿ ಬರೆಸಿ ನೋಡಿ. ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು) ಅಂದರೆ ಏನು ಎಂಬುದು ಕೀಬೋರ್ಡ್ ಮುಂದೆ ಬರುವುದಕ್ಕಿಂತ ಬೇಗ ತಲೆಗೆ ಹೋಗುತ್ತದೆ.

ಈ ದಾರಿ ಹೊಸದೇನಲ್ಲ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಗೆಳೆಯರು 1990ರ ದಶಕದಲ್ಲೇ 'ಅನ್‌ಪ್ಲಗ್ಡ್' ಹೆಸರಲ್ಲಿ ಇಂಥ ಆಟಗಳನ್ನು ಮಾಡಿದ್ದಾರೆ. ನಮ್ಮ ದೇಶದಲ್ಲಿ ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂ ಇಂಡಿಯಾದ ಸಿಎಸ್‌ಪಾಠಶಾಲಾ ಇದನ್ನೇ ಶಾಲೆಗಳಿಗೆ ಹೊಂದಿಸುತ್ತಿದೆ. ಅದರಲ್ಲಿ ಒಂದನ್ನು ನಮ್ಮ ಮಕ್ಕಳಿಗೆ ಹೀಗೆ ಮಾಡಿಸಬಹುದು. ಐದು ರಟ್ಟಿನ ತುಂಡು ತೆಗೆದುಕೊಳ್ಳಿ. ಒಂದೊಂದರ ಮೇಲೆ 1, 2, 4, 8, 16 ಚುಕ್ಕಿ ಹಾಕಿ. ಬೇಕಾದದ್ದನ್ನು ಮೇಲೆ ಮಾಡಿ, ಬೇಡದ್ದನ್ನು ಮಗುಚಿ. ಕಾಣುವ ಚುಕ್ಕಿಗಳನ್ನು ಕೂಡಿದರೆ 0ಯಿಂದ 31ರವರೆಗೆ ಯಾವ ಸಂಖ್ಯೆಯನ್ನಾದರೂ ತೋರಿಸಬಹುದು. ಅಂದರೆ 32 ಬಗೆ. ಇಂಗ್ಲಿಷಿನ 26 ಅಕ್ಷರಕ್ಕೆ ಸಾಕು. ಈಗ ಕೇಳಿ: ಕನ್ನಡ ವರ್ಣಮಾಲೆಯ 49 ಅಕ್ಷರಕ್ಕೆ? ಸಾಲದು. ಆರನೇ ರಟ್ಟು ಬೇಕು. ಅದರ ಮೇಲೆ ಎಷ್ಟು ಚುಕ್ಕಿ ಎಂದು ಮಕ್ಕಳೇ ಹೇಳುತ್ತಾರೆ, 32. ಆಗ 64 ಬಗೆ ಆಯಿತು. ಅಷ್ಟರಲ್ಲಿ ಒಬ್ಬ ಹುಡುಗಿಯಾದರೂ ಕೇಳುತ್ತಾಳೆ, 'ಹಾಗಾದರೆ ಕಾಗುಣಿತ, ಒತ್ತಕ್ಷರ?' ಅಲ್ಲಿಂದ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಶುರು. ಮನೆಯಲ್ಲಿ ಕೀಪ್ಯಾಡ್ ಫೋನೇ ಇದ್ದರೂ ತೊಂದರೆಯಿಲ್ಲ. ಇಂಗ್ಲಿಷ್ ಎಸ್‌ಎಂಎಸ್ ಒಂದರಲ್ಲಿ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70 ಮಾತ್ರ. ಯಾಕಿರಬಹುದು? ಉತ್ತರ ಆ ರಟ್ಟುಗಳಲ್ಲೇ ಇದೆ: ಕನ್ನಡದ ಒಂದೊಂದು ಅಕ್ಷರಕ್ಕೆ ಹೆಚ್ಚು ರಟ್ಟು ಬೇಕು.

ಬರೀ ಫೋನ್ ಕರೆಯಲ್ಲೇ ನಡೆಯುವ ಆಟವೂ ಇದೆ. 1ರಿಂದ 100ರೊಳಗೆ ಮಗು ಒಂದು ಸಂಖ್ಯೆ ನೆನೆಯಲಿ. 'ಇದಕ್ಕಿಂತ ದೊಡ್ಡದಾ?' ಎಂದು ಕೇಳುತ್ತಾ ನೀವು ಏಳೇ ಪ್ರಶ್ನೆಯಲ್ಲಿ ಹಿಡಿಯುತ್ತೀರಿ. ಮಾರನೇ ದಿನ ನೀವು ನೆನೆಯಿರಿ, ಮಗು ಹಿಡಿಯಲಿ. ಲಕ್ಷಾಂತರ ಹೆಸರಿನ ಪಟ್ಟಿಯಲ್ಲಿ ಕಂಪ್ಯೂಟರ್ ಒಂದು ಹೆಸರನ್ನು ಥಟ್ಟನೆ ಹುಡುಕುವುದು ಹೇಗೆ ಎಂದು ಆಮೇಲೆ ಹೇಳಿದರೆ ಸಾಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಾಗದದ ಸ್ಪ್ರೆಡ್‌ಶೀಟ್, ಅಂದರೆ ಲೆಕ್ಕದ ಚೌಕಪಟ್ಟಿ. ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಮೇಲೆ ಎ, ಬಿ, ಸಿ, ಪಕ್ಕದಲ್ಲಿ 1, 2, 3. ಮನೆಯವರ ಕೂಲಿ ಲೆಕ್ಕ ಬರೆಸಿ. ಎ ಕಂಬದಲ್ಲಿ ವಾರ, ಬಿಯಲ್ಲಿ ಕೆಲಸ ಮಾಡಿದ ದಿನ, ಸಿಯಲ್ಲಿ ಕೂಲಿ. ಉದಾಹರಣೆಗೆ 2020-21ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 275 ರೂಪಾಯಿ ಇತ್ತು. ಡಿಯಲ್ಲಿ ಉತ್ತರವನ್ನು ಬರೆಯಬಾರದು, 'ಬಿ2 ಗುಣಿಸು ಸಿ2' ಎಂದು ಸೂತ್ರವನ್ನೇ ಬರೆಯಬೇಕು. ಪಕ್ಕದ ಹಾಳೆಯಲ್ಲಿ ಲೆಕ್ಕ ಮಾಡಿ ಮೊತ್ತ ಹಾಕಬೇಕು. ಎಲ್ಲ ಮುಗಿದಮೇಲೆ ಹೇಳಿ: ಮರುವರ್ಷ ಕೂಲಿ 289 ಆಯಿತು, ಮತ್ತೆ ಮಾಡು. ಮಕ್ಕಳು ಗೊಣಗುತ್ತಾರೆ. ಗೊಣಗಲಿ. ಕಂಪ್ಯೂಟರ್ ಸರದಿ ಬಂದ ದಿನ ಅದೇ ಪಟ್ಟಿಯನ್ನು ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಉಚಿತ ಸ್ಪ್ರೆಡ್‌ಶೀಟ್ ತಂತ್ರಾಂಶದಲ್ಲಿ ಹಾಕಿ. ಕೂಲಿಯನ್ನು ಸಿ2ರಲ್ಲಿ ಮಾತ್ರ ಬರೆದು, ಕೆಳಗಿನ ಸಾಲುಗಳು ಅದನ್ನೇ ತೆಗೆದುಕೊಳ್ಳುವಂತೆ ಸೂತ್ರ ಕೊಡಿ. ಆಗ ಕೂಲಿಯನ್ನು ಆ ಒಂದು ಕಡೆ ಬದಲಿಸಿದರೆ ಇಡೀ ಕಂಬ ಬದಲಾಗುತ್ತದೆ. ಕೈಯಲ್ಲಿ ಲೆಕ್ಕ ಮಾಡಿ ಬೇಸತ್ತ ಮಗುವಿಗೆ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ. ಇನ್ನೊಂದು ಲಾಭ, ಆ ಹಾಳೆ ಅಪ್ಪ ಅಮ್ಮನಿಗೂ ಉಪಯೋಗಕ್ಕೆ ಬರುತ್ತದೆ. ಖಾತೆಗೆ ಬಂದ ಹಣ ಸರಿಯಿದೆಯಾ ಎಂದು ತಾಳೆ ನೋಡಬಹುದು. ಮಗಳ ಕಂಪ್ಯೂಟರ್ ಪಾಠದಿಂದ ಕೂಲಿ ಲೆಕ್ಕ ಸಿಗುತ್ತದೆ ಅಂದರೆ ಆ ಮನೆಯವರು ಅವಳನ್ನು ಅಷ್ಟು ಸುಲಭಕ್ಕೆ ಬಿಡಿಸುವುದಿಲ್ಲ.

ಬಿಡಿಸುವುದು ಅಂದಾಗ ನಿಮ್ಮ ಮುಖ್ಯ ನೋವಿಗೆ ಬಂದೆ. ಅರ್ಧ ಮಕ್ಕಳು ಬರಲಿಲ್ಲ ಎಂದು ಬರೆದಿದ್ದೀರಿ. ಅವರನ್ನು ಕಳೆದುಕೊಂಡದ್ದು ಪಾಠ ಚೆನ್ನಾಗಿಲ್ಲದ್ದಕ್ಕೆ ಅಲ್ಲ. ಹುಡುಗರು ಕೆಲಸಕ್ಕೆ ಹೋದರು, ಹುಡುಗಿಯರು ಮನೆಗೆಲಸಕ್ಕೆ ನಿಂತರು, ಕೆಲವರ ಮದುವೆಯೂ ಆಗಿರಬಹುದು. ಮೂರು ತಿಂಗಳು ಯಾರೂ ಮಾತಾಡಿಸದಿದ್ದರೆ 'ನಾನು ಕಂಪ್ಯೂಟರ್ ಕಲಿಯುವ ಹುಡುಗಿ' ಎಂಬ ಎಣಿಕೆಯೇ ಹೋಗಿಬಿಡುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಪ್ರತಿ ಮಗುವಿಗೆ ಒಂದು ಕರೆ ಮಾಡಿ. ರಾತ್ರಿ ಎಂಟರ ಮೇಲೆ ಮಾಡಿ, ಆಗ ಫೋನ್ ಮನೆಯಲ್ಲಿರುತ್ತದೆ. ಮೊದಲು ಮನೆಯವರ ಜೊತೆ ಮಾತಾಡಿ, ರೇಷನ್ ಬಂತಾ ಕೇಳಿ. ಮಗು ಬರೆದ ಹಾಳೆಯ ಫೋಟೊ ತರಿಸಿಕೊಳ್ಳಿ. ಫೋನ್ ಇಲ್ಲದಿದ್ದರೆ ಹಾಲಿನ ಡೈರಿಯ ಹತ್ತಿರ ಒಂದು ಡಬ್ಬಿ ಇಟ್ಟು ಹಾಳೆ ಹಾಕಿಸಿ. ಆಮೇಲೆ ತಪ್ಪದೆ ಮಾಡಬೇಕಾದ್ದು ಒಂದಿದೆ. ಮಗು ಕಾಗದದಲ್ಲಿ ಬರೆದ ಪ್ರೋಗ್ರಾಮನ್ನು ನೀವು ಓಡಿಸಿ, ಪರದೆಯ ಇಪ್ಪತ್ತು ಸೆಕೆಂಡಿನ ವೀಡಿಯೊ ವಾಪಸ್ ಕಳಿಸಿ. 'ನೀನು ಬರೆದದ್ದು ಹೀಗೆ ಓಡಿತು' ಎಂದು ಧ್ವನಿ ಸಂದೇಶ ಸೇರಿಸಿ. ಐದು ನಿಮಿಷದ ಧ್ವನಿ ಸಂದೇಶಕ್ಕೆ ಒಂದು ಎಂಬಿ ಆಸುಪಾಸು ಸಾಕು. ತಪ್ಪು ಓಡಿದರೆ ತಪ್ಪಾಗಿ ಓಡಿದ್ದನ್ನೇ ಕಳಿಸಿ, ತಿದ್ದಿ ಕಳಿಸಬೇಡಿ.

ಸ್ಮಾರ್ಟ್‌ಫೋನ್ ಸಿಕ್ಕ ಮಕ್ಕಳಿಗೆ ಅದನ್ನೇ ಸಣ್ಣ ಕಂಪ್ಯೂಟರ್ ಮಾಡಬಹುದು. ಫೋನಿಗೆ ಕೀಬೋರ್ಡ್ ಜೋಡಿಸುವ ಒಂದು ಓಟಿಜಿ ಕೇಬಲ್, ಒಂದು ಅಗ್ಗದ ಯುಎಸ್‌ಬಿ ಕೀಬೋರ್ಡ್ ಇದ್ದರೆ ಟೈಪಿಂಗ್ ಕಲಿಯಬಹುದು. ಪೈಡ್ರಾಯ್ಡ್ ಎಂಬ ಆ್ಯಪ್ ಹಾಕಿದರೆ ಇಂಟರ್‌ನೆಟ್ ಇಲ್ಲದೆಯೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಓಡುತ್ತದೆ. ಪಾಠದ ವೀಡಿಯೊಗಳನ್ನು ಮೆಮೊರಿ ಕಾರ್ಡಿಗೆ ತುಂಬಿ ಕೊಡಿ, ಡೇಟಾ ಬೇಡ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಇದಕ್ಕೆಂದೇ ಮಾಡಿದ ಹಾಗಿವೆ. ಚಿಕ್ಕ ಚಿಕ್ಕವು, ಕನ್ನಡ ಧ್ವನಿಯಲ್ಲೂ ಸಿಗುತ್ತವೆ. ಧ್ವನಿ ಸ್ವಲ್ಪ ನೀರಸ, ನಿಜ. ಆದರೆ ಮಗು ತಡೆದು ತಡೆದು ತಾನೂ ಮಾಡಿ ನೋಡುವಂತೆ ಕಟ್ಟಿದ್ದಾರೆ.

ಕಲಿಸುವವರು ಯಾರು? 2020-21ರಲ್ಲಿ ಬೆಂಗಳೂರಿನ ಎಷ್ಟೋ ಸಾಫ್ಟ್‌ವೇರ್ ಎಂಜಿನಿಯರ್‌ಗಳು ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡಿದರು. ಒಂದೊಂದು ತಾಲೂಕಿನಲ್ಲಿ ಅಷ್ಟು ಜನ ಎಂಜಿನಿಯರ್‌ಗಳು ಹಿಂದೆಂದೂ ಇರಲಿಲ್ಲ. ಅವರನ್ನು ಕರೆಯುವವರೂ ಇರಲಿಲ್ಲ. ನಿಮ್ಮ ಸುತ್ತಲ ಹಳ್ಳಿಗಳಿಂದ ಐಟಿಗೆ ಹೋದವರ ಪಟ್ಟಿ ಈಗಲೇ ಮಾಡಿಟ್ಟುಕೊಳ್ಳಿ. ಆದರೆ ಒಂದು ಷರತ್ತು, ಪಾಠ ಕನ್ನಡದಲ್ಲಿ ನಡೆಯಬೇಕು. ಅವರಿಗಿಂತ ಒಳ್ಳೆಯ ಮೇಷ್ಟ್ರುಗಳು ನಿಮ್ಮ 10ನೇ ತರಗತಿಯ ಮಕ್ಕಳೇ. ಬೆಂಗಳೂರಿನ ಗುರಪ್ಪನಪಾಳ್ಯದ ಬಳಿ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಫ್ರೀ ಸಾಫ್ಟ್‌ವೇರ್ (ಯಾರು ಬೇಕಾದರೂ ಬಳಸಿ, ಬದಲಿಸಬಹುದಾದ ತಂತ್ರಾಂಶ) ಕಾರ್ಯಕರ್ತರು ಅಂಬೇಡ್ಕರ್ ಹೆಸರಿನ ಕಂಪ್ಯೂಟರ್ ಕೇಂದ್ರ ಕಟ್ಟಿದ್ದರು. ಅಲ್ಲಿನ ಮಕ್ಕಳು ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್‌ನಲ್ಲಿ ಗಿಂಪ್ ಎಂಬ ಚಿತ್ರದ ತಂತ್ರಾಂಶ ಬಳಸಿ ಚಿತ್ರ ಬರೆಯುವುದರಲ್ಲಿ ಪಳಗಿದ್ದರು. ಕೇಂದ್ರ ಕೇರಿಯ ಒಳಗೇ ಇದ್ದರೆ, ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಟ್ಟರೆ ಹೊರಗಿನವರು ಬರದ ದಿನವೂ ಪಾಠ ನಡೆಯುತ್ತದೆ.

ಹಾಂ, ವಿದೇಶಿ ಪೌರತ್ವ ಪಡೆದ ಕನ್ನಡಿಗರು ಹಣ ಕಳಿಸುತ್ತೇವೆ ಎಂದರೆ ಎಚ್ಚರ. ವಿದೇಶಿ ದೇಣಿಗೆ ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು. ನೋಂದಣಿ ಇದ್ದ ದೊಡ್ಡ ಸಂಸ್ಥೆಯ ಮೂಲಕ ಸಣ್ಣವರಿಗೆ ಹಣ ದಾಟಿಸುವ ದಾರಿಯನ್ನೂ 2020ರ ಸೆಪ್ಟೆಂಬರ್‌ನ ತಿದ್ದುಪಡಿ ಮುಚ್ಚಿತು. ಅದೂ ಸಣ್ಣ ಸಂಸ್ಥೆಗಳಿಗೆ ಹಣ ಬೇಕೇಬೇಕಾಗಿದ್ದ ಹೊತ್ತಿನಲ್ಲಿ.

ಈಗ ಟ್ಯಾಬ್ಲೆಟ್. 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಾಲೇಜು ವಿದ್ಯಾರ್ಥಿಗಳಿಗೆ ಸುಮಾರು ಒಂದೂವರೆ ಲಕ್ಷ ಟ್ಯಾಬ್ಲೆಟ್ ಕೊಟ್ಟಿತು. ಪಾಠದ ವೀಡಿಯೊ ನೋಡಲು, ನೋಟ್ಸ್ ಓದಲು ಅದು ಸರಿ. ಕಂಪ್ಯೂಟರ್ ಕಲಿಯಲು ಸರಿಯಲ್ಲ. ಫೈಲು, ಫೋಲ್ಡರು, ಕೀಬೋರ್ಡು ಎಲ್ಲವನ್ನೂ ಅದು ಮುಚ್ಚಿಡುತ್ತದೆ. ಬ್ಯಾಟರಿ ಅಂಟಿಸಿರುತ್ತಾರೆ, ಗಾಜು ಒಡೆದರೆ ಹಾಕಿಸುವ ಖರ್ಚಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ. ನಿಮ್ಮ ಊರಿನ ಮೊಬೈಲ್ ಅಂಗಡಿಯವನಿಗೂ ಅದರ ಬಿಡಿಭಾಗ ಸಿಗುವುದಿಲ್ಲ.

ದಾನಿಗೆ ಹೀಗೆ ಹೇಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಬಾರದ ಲ್ಯಾಪ್‌ಟಾಪ್‌ಗಳನ್ನು ಕಂಪನಿಗಳು ಮಾರುತ್ತಿವೆ, ಸುಮ್ನೆ ಕೊಡುವವರೂ ಇದ್ದಾರೆ. ಅವುಗಳಲ್ಲಿ ಬಹಳಷ್ಟು ಲಿನಕ್ಸ್ ಮಿಂಟ್ ಹಾಕಿದರೆ ಇನ್ನೂ ಹಲವು ವರ್ಷ ಓಡುತ್ತವೆ. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿದರೆ ಮಕ್ಕಳಿಗೆ ಹೊಸದೆಂದೇ ಅನ್ನಿಸುತ್ತದೆ. ಕನ್ನಡ ಟೈಪಿಂಗ್‌ಗೆ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ, ಆದ್ದರಿಂದ ಮುಂದೆ ಅದೇ ವಿನ್ಯಾಸದ ನುಡಿ ತಂತ್ರಾಂಶ ಬಳಸುವ ಕಚೇರಿಯಲ್ಲಿ ಕೆಲಸ ಸಿಕ್ಕರೂ ಕೈ ತಡವರಿಸುವುದಿಲ್ಲ. ನಲವತ್ತು ಟ್ಯಾಬ್ಲೆಟ್ಟಿನ ಹಣದಲ್ಲಿ ಹತ್ತು ಹನ್ನೆರಡು ಇಂಥ ಲ್ಯಾಪ್‌ಟಾಪ್ ಕೊಂಡು, ಉಳಿದದ್ದನ್ನು ರಿಪೇರಿಗೆ, ಮನೆಯವರ ಕರೆಂಟಿಗೆ, ಫೋನ್ ರೀಚಾರ್ಜಿಗೆ ಎತ್ತಿಡಿ. ದಾನಿಗೆ ಫೋಟೊದಲ್ಲಿ ನಲವತ್ತು ಹೊಸ ಡಬ್ಬಿ ಕಾಣುವುದಿಲ್ಲ, ಬೇಜಾರಾಗಬಹುದು. ಒಂದು ಕೇರಿಗೆ ಕರೆದುಕೊಂಡು ಹೋಗಿ ತೋರಿಸಿ.

ಇದನ್ನೆಲ್ಲ ಮುಂದಿನ ಸಾಂಕ್ರಾಮಿಕಕ್ಕೆ ಎಂದು ಕಪಾಟಿನಲ್ಲಿ ಇಡಬೇಡಿ. ಈ ದಸರಾ ರಜೆಯಲ್ಲೇ ಎರಡು ಕಂಪ್ಯೂಟರ್ ಎರಡು ಕೇರಿಗೆ ಕಳಿಸಿ, ಹದಿನೈದು ದಿನ ಬಿಡಿ. ಯಾವ ಮಗು ಬರಲಿಲ್ಲ, ಯಾರ ಮನೆಯಲ್ಲಿ ಜಗಳವಾಯಿತು, ಪ್ಲಗ್ ಪಾಯಿಂಟ್ ಎಲ್ಲಿ ಸುಟ್ಟಿತು ಎಂದು ಬರೆದಿಟ್ಟುಕೊಳ್ಳಿ. ಉಳಿದ ಏಳನ್ನು ಯಾರ ಮನೆಗೆ ಕಳಿಸಬೇಕೆಂದು ಆ ಪಟ್ಟಿ ನೋಡಿ ತೀರ್ಮಾನಿಸಿ.